ಟೈಟಾನಿಯಂ ಬೆಸುಗೆ ನೀಲಿಯಾದರೆ ಖುಷಿಪಡಬೇಡಿ

ಬೆಸುಗೆ ಮುಗಿಸಿ ಮುಖದ ಕವಚ ಎತ್ತಿದ ಹುಡುಗನ ಕಣ್ಣಲ್ಲಿ ಹೊಳಪಿತ್ತು. ಟೈಟಾನಿಯಂ ಕೊಳವೆಯ ಜೋಡಣೆಯ ಸುತ್ತ ನವಿಲಿನ ಕತ್ತಿನಂಥ ನೀಲಿ. “ಎಷ್ಟು ಚೆಂದ ಬಂದಿದೆ ನೋಡಿ, ಸರ್” ಎಂದ. ಅದನ್ನು ಕತ್ತರಿಸಿ ತೆಗೆಯಲು ಹೇಳಬೇಕಾಯಿತು. ಉಕ್ಕಿನ ಕೆಲಸದಿಂದ ಬಂದವರಿಗೆ ಇದು ಅರ್ಥವಾಗಲು ಸಮಯ ಹಿಡಿಯುತ್ತದೆ.

ಟೈಟಾನಿಯಂಗೆ ಆಮ್ಲಜನಕವೆಂದರೆ ತೀರದ ಹಸಿವು. ತಣ್ಣಗಿರುವಾಗ ಆ ಹಸಿವೇ ಅದಕ್ಕೆ ರಕ್ಷಣೆ. ಗಾಳಿ ತಗುಲಿದ ಕ್ಷಣದಲ್ಲಿ ಮೇಲ್ಮೈಯಲ್ಲಿ ಕೆಲವೇ ನ್ಯಾನೋಮೀಟರ್ ದಪ್ಪದ ಆಕ್ಸೈಡ್ ಪದರ ಕಟ್ಟಿಕೊಳ್ಳುತ್ತದೆ. ಗೀಚಿದರೂ ಗಾಳಿ ಅಥವಾ ನೀರಿನ ಸಂಪರ್ಕವಿದ್ದರೆ ಕೂಡಲೇ ಮತ್ತೆ ಬೆಳೆಯುತ್ತದೆ. ಸಮುದ್ರದ ನೀರು ವರ್ಷಗಟ್ಟಲೆ ಹರಿದರೂ ಕೊಳವೆ ತುಕ್ಕು ಹಿಡಿಯದಿರುವುದು ಇದರಿಂದಲೇ. ನಮ್ಮ ದೇಹವೂ ಈ ಪದರವನ್ನು ಒಪ್ಪಿಕೊಳ್ಳುತ್ತದೆ. ಸ್ವೀಡನ್‌ನ ಪೆರ್-ಇಂಗ್ವಾರ್ ಬ್ರೋನೆಮಾರ್ಕ್ 1950ರ ದಶಕದಲ್ಲಿ ಮೊಲದ ಮೂಳೆಯಲ್ಲಿಟ್ಟ ಟೈಟಾನಿಯಂ ಉಪಕರಣವನ್ನು ಮರಳಿ ತೆಗೆಯಲು ಹೋದರೆ, ಅದು ಮೂಳೆಯೊಂದಿಗೆ ಬೆಸೆದುಕೊಂಡಿತ್ತು. ಅದೇ ಅರಿವಿನಿಂದ 1965ರಲ್ಲಿ ಅವರು ಮನುಷ್ಯನ ದವಡೆಗೆ ಹಲ್ಲಿನ ಇಂಪ್ಲಾಂಟ್ ಕೂರಿಸಿದರು.

ಕಾದಾಗ ಕಥೆ ಬೇರೆ. ಆಮ್ಲಜನಕ ಮೇಲೆಯೇ ನಿಲ್ಲದೆ ಲೋಹದ ಒಳಕ್ಕೆ ಇಳಿಯುತ್ತದೆ, ಜೊತೆಗೆ ಸಾರಜನಕವೂ. ಬಾಗಬೇಕಾದ ಲೋಹ ಗಡುಸಾಗಿ, ಪೆಡಸಾಗಿ, ಸೀಳುತ್ತದೆ. ಇದರ ಸುಳಿವು ಕೊಡುವುದು ಬಣ್ಣ. ಬೆಳ್ಳಿಯಂತೆ ಹೊಳೆದರೆ ಒಳ್ಳೆಯ ಬೆಸುಗೆ. ಒಣಹುಲ್ಲಿನಂಥ ತಿಳಿಹಳದಿಯನ್ನೂ ಒಪ್ಪಬಹುದು. ನೇರಳೆ, ನೀಲಿ ಕಂಡರೆ ನಾನು ಒಪ್ಪುವುದಿಲ್ಲ. ಬೂದು ಬಣ್ಣವಾಗಿ ಬಿಳಿಪುಡಿ ಉದುರಿದರೆ ಕೆಲಸ ಪೂರ್ತಿ ಕೆಟ್ಟಂತೆ. (ಟೈಟಾನಿಯಂ ಆಭರಣಗಳ ಮೇಲೆ ಕಾಣುವ ನೀಲಿಯೂ ಆಕ್ಸೈಡ್ ಪದರದ್ದೇ. ಆದರೆ ಅದನ್ನು ಲೋಹ ಕಾಯಿಸದೆ ವಿದ್ಯುತ್ತಿನಿಂದ ಬೆಳೆಸುತ್ತಾರೆ, ಹಾನಿಯಿಲ್ಲ.)

ಹಾಗಾಗಿ ಬೆಸುಗೆಯ ಮುಂದೆ, ಕೊಳವೆಯ ಒಳಗೆ, ಬೆಸುಗೆಯ ಟಾರ್ಚ್ ದಾಟಿಹೋದ ಜಾಗದ ಮೇಲೆ, ಮೂರೂ ಕಡೆ ಲೋಹದೊಂದಿಗೆ ಬೆರೆಯದ ಆರ್ಗಾನ್ ಅನಿಲ ಹರಿಯುತ್ತಿರಬೇಕು. ಲೋಹ ಸುಮಾರು 400 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿಯುವವರೆಗೆ ಅದನ್ನು ತೆಗೆಯುವಂತಿಲ್ಲ. ಅಂದು ಆ ಹುಡುಗ ಟಾರ್ಚನ್ನು, ಅದರೊಂದಿಗೆ ಆರ್ಗಾನನ್ನೂ, ಬೇಗ ಎತ್ತಿದ್ದ, ಅಷ್ಟೇ. ಬ್ರಷ್ ಹಾಕಿ ನೀಲಿಯನ್ನು ಉಜ್ಜಿ ತೆಗೆಯುವವರೂ ಇದ್ದಾರೆ. ಉಜ್ಜಿದರೆ ಹೋಗುವುದು ಸಾಕ್ಷಿ ಮಾತ್ರ, ಒಳಗಿನ ದೋಷ ಉಳಿದೇ ಇರುತ್ತದೆ. ಇದನ್ನು ನಾನು ಯಾರಿಂದಲೂ ಸಹಿಸುವುದಿಲ್ಲ.

ಬೆಲೆ ಏಕೆ ಇಷ್ಟು ಎಂದು ಕೇಳುತ್ತಾರೆ. ಭೂಮಿಯ ಹೊರಪದರದಲ್ಲಿ ಹೇರಳವಾಗಿರುವ ಮೂಲವಸ್ತುಗಳಲ್ಲಿ ಟೈಟಾನಿಯಂಗೆ ಒಂಬತ್ತನೆಯ ಸ್ಥಾನ. ಕೊರತೆ ಅದಿರಿಗಲ್ಲ, ಅದಿರಿನಿಂದ ಆಮ್ಲಜನಕವನ್ನು ಬಿಡಿಸುವುದೇ ಕಷ್ಟ. 1791ರಲ್ಲಿ ವಿಲಿಯಂ ಗ್ರೆಗರ್ ಇದನ್ನು ಗುರುತಿಸಿದರೂ ಶುದ್ಧ ಲೋಹ ಕೈಗೆ ಬಂದದ್ದು 1910ರಲ್ಲಿ. ಇಂದಿಗೂ ಹೆಚ್ಚಾಗಿ ಕ್ರೋಲ್ ವಿಧಾನವೇ ಬಳಕೆಯಲ್ಲಿದೆ: ಅದಿರನ್ನು ಕ್ಲೋರೈಡ್ ಮಾಡಿ, ಆರ್ಗಾನ್ ತುಂಬಿದ ಪಾತ್ರೆಯಲ್ಲಿ ಮೆಗ್ನೀಸಿಯಂ ಜೊತೆ ಕಾಯಿಸಿ, ಸಿಕ್ಕ ಸ್ಪಂಜಿನಂಥ ಲೋಹವನ್ನು ನಿರ್ವಾತದಲ್ಲಿ ಕರಗಿಸುವುದು.

ಹಗುರ ಮತ್ತು ಬಲದ ಲೆಕ್ಕ ಎಲ್ಲರಿಗೂ ಗೊತ್ತು. ಸಾಂದ್ರತೆ ಘನ ಸೆಂಟಿಮೀಟರಿಗೆ 4.5 ಗ್ರಾಂ, ಉಕ್ಕಿನದು ಸುಮಾರು 7.8. ಜೆಟ್ ಎಂಜಿನ್ನಿನ ಮುಂಭಾಗದ ಅಲಗುಗಳಿಗೆ ಇದು ಹೊಂದುವುದು ಅದಕ್ಕೇ. ಆದರೆ ಕರಗುವ ಬಿಂದು 1668 ಡಿಗ್ರಿ ಇದ್ದರೂ ಎಂಜಿನ್ನಿನ ಉರಿಯುವ ಭಾಗಕ್ಕೆ ನಿಕಲ್ ಮಿಶ್ರಲೋಹವೇ ಬೇಕು. ಅಲ್ಲಿಯೂ ಅಡ್ಡ ಬರುವುದು ಮುಖ್ಯವಾಗಿ ಆಮ್ಲಜನಕವೇ.

ಲೇತ್ ಮೇಲೆ, ಅಂದರೆ ಲೋಹವನ್ನು ತಿರುಗಿಸಿ ಕಡೆಯುವ ಯಂತ್ರದ ಮೇಲೆ, ಕೆಲಸ ಮಾಡುವವರಿಗೆ ಒಂದು ಮಾತು. ಈ ಲೋಹದಲ್ಲಿ ಶಾಖ ಸುಲಭವಾಗಿ ಸಾಗುವುದಿಲ್ಲ. ಕತ್ತರಿಸುವ ಮೊನೆಯಲ್ಲೇ ಉಳಿದು ಅದನ್ನು ತಿನ್ನುತ್ತದೆ. ವೇಗ ತಗ್ಗಿಸಿ, ಮೊನೆ ಹರಿತವಾಗಿಡಿ, ತಂಪು ಮಾಡುವ ದ್ರವ (ಕೂಲೆಂಟ್) ಧಾರಾಳವಾಗಿ ಬಿಡಿ. ಉದುರಿದ ಸಣ್ಣ ಸಿಪ್ಪೆಗಳನ್ನು ಆಗಾಗ ತೆಗೆಯಿರಿ. ಅವು ಹೊತ್ತಿಕೊಂಡರೆ ನೀರು ಹಾಕಲೇಬೇಡಿ. ಒಣ ಮರಳು ಅಥವಾ ಲೋಹದ ಬೆಂಕಿಗೆಂದೇ ಇರುವ ಪುಡಿ ಕೈಗೆಟುಕುವಂತಿರಲಿ.

ರಾಸಾಯನಿಕ ಕಾರ್ಖಾನೆಯವರು ಟೈಟಾನಿಯಂ ಕೇಳಿ ಬಂದಾಗ ನನ್ನ ಮೊದಲ ಪ್ರಶ್ನೆ: ಕ್ಲೋರಿನ್ ಇದೆಯೇ, ಇದ್ದರೆ ತೇವವೋ ಒಣವೋ? ತೇವವಾದರೆ ಪದರ ಉಳಿಯುತ್ತದೆ, ಕೊಳವೆ ಬಾಳುತ್ತದೆ. ಒಣ ಕ್ಲೋರಿನ್‌ನಲ್ಲಿ ಪದರವನ್ನು ಮತ್ತೆ ಕಟ್ಟಲು ನೀರಿಲ್ಲ. ಲೋಹವೇ ಹೊತ್ತಿ ಉರಿಯುತ್ತದೆ. ಆ ಪದರವನ್ನೇ ಕರಗಿಸುವ ಹೈಡ್ರೋಫ್ಲೋರಿಕ್ ಆಮ್ಲವಿದ್ದರೆ ಟೈಟಾನಿಯಂ ಬೇಡವೆಂದು ಅಲ್ಲಿಯೇ ಹೇಳಿಬಿಡುತ್ತೇನೆ.