ಸೈನಿಕನ ಮೇಲೆ ಆರೋಪ ಬಂದರೆ ತನಿಖೆ ಮಾಡುವವರು ಯಾರು?

ಹಾಸನದಿಂದಲೋ ಬೆಳಗಾವಿಯಿಂದಲೋ ಫೋನ್ ಬರುತ್ತದೆ. 'ಸರ್, ನಮ್ಮ ಹುಡುಗನ್ನ ಮಿಲಿಟರಿ ಪೊಲೀಸ್ನೋರು ಹಿಡ್ಕೊಂಡಿದಾರಂತೆ. ಎಫ್‌ಐಆರ್ ಆಗಿದ್ಯಾ? ಜಾಮೀನಿಗೆ ಯಾವ ಕೋರ್ಟಲ್ಲಿ ಅರ್ಜಿ ಹಾಕ್ಬೇಕು?' ಸೇನೆಯ ಕೇಸುಗಳನ್ನೇ ಜಾಸ್ತಿ ನೋಡುವ ವಕೀಲನಿಗೆ ಇವು ಮಾಮೂಲಿ ಪ್ರಶ್ನೆಗಳು. ಕೇಳುವವರ ತಪ್ಪೇನಿಲ್ಲ. ಊರಿನ ಠಾಣೆ, ಇನ್ಸ್‌ಪೆಕ್ಟರ್, ಚಾರ್ಜ್‌ಶೀಟ್, ಮ್ಯಾಜಿಸ್ಟ್ರೇಟ್, ಈ ಸಾಲು ನಮಗೆಲ್ಲ ಗೊತ್ತು. ಮಿಲಿಟರಿ ಪೊಲೀಸರೂ ಅದೇ ಕೆಲಸವನ್ನು ಬೇರೆ ಯೂನಿಫಾರ್ಮಿನಲ್ಲಿ ಮಾಡುತ್ತಾರೆ ಅಂದುಕೊಂಡಿರುತ್ತೇವೆ.

ಅಸಲಿ ವಿಷಯ ಏನೆಂದರೆ, ಭಾರತೀಯ ಸೇನೆಯಲ್ಲಿ ತನಿಖೆಯ ಬಹುಪಾಲು ಇರುವುದು ಯೂನಿಟ್ಟಿನ ಕಮಾಂಡಿಂಗ್ ಆಫೀಸರ್ ಕೈಯಲ್ಲಿ. ಅಂದರೆ ಸಿ.ಓ. ಸಾಹೇಬರ ಕೈಯಲ್ಲಿ. ಮಿಲಿಟರಿ ಪೊಲೀಸರು ಅದಕ್ಕೆ ಕೈಜೋಡಿಸುತ್ತಾರೆ, ಅಷ್ಟೇ. ಇದು ಗೊತ್ತಿಲ್ಲದೆ ಎಷ್ಟೋ ಜವಾನರು ಮಾತಾಡಬೇಕಾದ ಜಾಗದಲ್ಲಿ ಬಾಯಿ ಮುಚ್ಚಿಕೊಂಡು ಕೂರುತ್ತಾರೆ.

ಮೊದಲು ಕೆಂಪು ಟೋಪಿಯವರ ವಿಷಯ ಮುಗಿಸೋಣ. ಕೋರ್ ಆಫ್ ಮಿಲಿಟರಿ ಪೊಲೀಸ್‌ನ ತರಬೇತಿ ಕೇಂದ್ರ ಮತ್ತು ಶಾಲೆ ಇರುವುದು ನಮ್ಮ ಬೆಂಗಳೂರಿನಲ್ಲೇ. 2021ರ ಮೇ ತಿಂಗಳಲ್ಲಿ ಮಹಿಳಾ ಮಿಲಿಟರಿ ಪೊಲೀಸರ ಮೊದಲ ತಂಡ, 83 ಮಂದಿ, ತರಬೇತಿ ಮುಗಿಸಿ ಹೊರಬಂದದ್ದೂ ಇಲ್ಲಿಂದಲೇ. ದಂಡು ಪ್ರದೇಶದ ಕಡೆ ಓಡಾಡುವವರು ಇವರನ್ನು ನೋಡಿರುತ್ತೀರಿ. ಟ್ರಾಫಿಕ್ ನೋಡುತ್ತಾರೆ, ಶಿಸ್ತು ನೋಡುತ್ತಾರೆ, ಯುದ್ಧಕೈದಿಗಳನ್ನು ಕಾಯುತ್ತಾರೆ. ಕಳುವಾದರೆ, ಹೊಡೆದಾಟವಾದರೆ ಸ್ಥಳಕ್ಕೆ ಬಂದು ವರದಿ ಮಾಡುತ್ತಾರೆ.

ಇವರ ಅಧಿಕಾರಕ್ಕೆ ಮೂಲ 1950ರ ಆರ್ಮಿ ಆ್ಯಕ್ಟ್‌ನ ಸೆಕ್ಷನ್ 107. ಆ ಸೆಕ್ಷನ್ ಪ್ರಕಾರ, ಸೇನಾ ಕಾನೂನಿಗೆ ಒಳಪಟ್ಟವನು ಅಪರಾಧ ಮಾಡಿದರೆ ಪ್ರೊವೋಸ್ಟ್ ಮಾರ್ಷಲ್, ಅಂದರೆ ಮಿಲಿಟರಿ ಪೊಲೀಸರ ಅಧಿಕಾರಿ, ಅವನನ್ನು ಬಂಧಿಸಿ ವಿಚಾರಣೆಗೆ ಇಟ್ಟುಕೊಳ್ಳಬಹುದು. ಆದರೆ ತಾನೇ ಶಿಕ್ಷೆ ಕೊಡುವ ಹಾಗಿಲ್ಲ. ಆರೋಪಿ ಆಫೀಸರ್ ಆಗಿದ್ದರೆ, ಇನ್ನೊಬ್ಬ ಆಫೀಸರ್ ಆರ್ಡರ್ ಮಾಡದೆ ಹಿಡಿಯುವಂತಿಲ್ಲ. ಎಫ್‌ಐಆರ್ ಅನ್ನೋದೇ ಇಲ್ಲಿ ಇಲ್ಲ. ಅದು ನಾಗರಿಕ ಪೊಲೀಸ್ ಠಾಣೆಯ ವಸ್ತು.

ಕಸ್ಟಡಿಯ ಲೆಕ್ಕವೂ ಬೇರೆ. ಊರಿನ ಪೊಲೀಸರು ಹಿಡಿದರೆ 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಿಸಬೇಕು. ಸೇನೆಯಲ್ಲಿ ಸೆಕ್ಷನ್ 102 ಪ್ರಕಾರ, ಬಂಧನದ ಸುದ್ದಿ ಸಿ.ಓ.ಗೆ ಮುಟ್ಟಿದ 48 ಗಂಟೆಯೊಳಗೆ ಆರೋಪದ ವಿಚಾರಣೆ ಶುರುವಾಗಬೇಕು. ಭಾನುವಾರ, ಸರಕಾರಿ ರಜೆ ಲೆಕ್ಕಕ್ಕಿಲ್ಲ. ಆಗಲಿಲ್ಲ ಅಂದರೆ ಕಾರಣ ಬರೆದು ಮೇಲಿನವರಿಗೆ ಕಳಿಸಬೇಕು. ಕೋರ್ಟ್ ಮಾರ್ಷಲ್, ಅಂದರೆ ಸೇನೆಯದೇ ನ್ಯಾಯಾಲಯ, ಸೇರಿಸದೆ ಕಸ್ಟಡಿಯಲ್ಲೇ ಇಟ್ಟುಕೊಂಡಿದ್ದರೆ, ಪ್ರತಿ ಎಂಟು ದಿನಕ್ಕೊಂದು ವಿಶೇಷ ವರದಿ ಹೋಗಬೇಕು. ಮನೆಯವರು ನನಗೆ ಫೋನ್ ಮಾಡಿದಾಗ ನಾನು ಮೊದಲು ಕೇಳುವುದು ಈ ಎಂಟು ದಿನದ ವರದಿಯ ವಿಷಯ. ಅದು ಸರಿಯಾಗಿ ಹೋಗುತ್ತಿದ್ದರೆ ಯಾರೋ ಒಬ್ಬರು ಮೇಲಿಂದ ನೋಡುತ್ತಿದ್ದಾರೆ ಅಂತ ಅರ್ಥ. ಹೋಗುತ್ತಿಲ್ಲ ಅಂದರೆ ನಮಗೊಂದು ದಾರಿ ಸಿಕ್ಕಿತು ಅಂತ ಅರ್ಥ.

ಈಗ ತನಿಖೆಗೆ ಬರೋಣ. ಒಂದು ಉದಾಹರಣೆ ಇಟ್ಟುಕೊಳ್ಳೋಣ. ಒಂದು ಯೂನಿಟ್ಟಿನ ಎಂ.ಟಿ. ವಿಭಾಗದಲ್ಲಿ, ಅಂದರೆ ಗಾಡಿಗಳನ್ನು ನೋಡಿಕೊಳ್ಳುವ ಮೋಟಾರ್ ಟ್ರಾನ್ಸ್‌ಪೋರ್ಟ್‌ನಲ್ಲಿ, ಡೀಸೆಲ್ ಲೆಕ್ಕ ಕಡಿಮೆ ಬಂತು. ಸ್ಟೋರ್ ಒಬ್ಬ ಹವಾಲ್ದಾರ್ ಸುಪರ್ದಿಯಲ್ಲಿದೆ. ಸಿ.ಓ. ಒಂದು ಕೋರ್ಟ್ ಆಫ್ ಎನ್‌ಕ್ವೈರಿ ಮಾಡಿಸುತ್ತಾರೆ. 1954ರ ಆರ್ಮಿ ರೂಲ್ಸ್‌ನ 177ನೇ ನಿಯಮದ ಪ್ರಕಾರ ನಡೆಯುವಂಥದ್ದು ಅದು. ಹೆಸರಿನಲ್ಲಿ ಕೋರ್ಟ್ ಇದ್ದರೂ ಜಡ್ಜ್ ಇಲ್ಲ, ತೀರ್ಪಿಲ್ಲ. ಒಬ್ಬ ಮೇಜರ್ ಪ್ರಿಸೈಡಿಂಗ್ ಆಫೀಸರ್, ಜೊತೆಗೆ ಇಬ್ಬರು ಮೆಂಬರುಗಳು. ಒಂದು ಆಫೀಸ್ ರೂಮು, ಒಂದು ಮೇಜು, ಟೈಪ್ ಮಾಡಲು ಒಬ್ಬ ಕ್ಲರ್ಕ್.

ಮೊದಲ ಸಾಕ್ಷಿ ಲೆಡ್ಜರ್ ಬರೆಯುವವನು. ಪುಸ್ತಕದಲ್ಲಿ ಇಷ್ಟು, ಟ್ಯಾಂಕಿನಲ್ಲಿ ಇಷ್ಟು ಅಂತ ಹೇಳಿ ಹೋದ. ಎರಡನೆಯವನು ಡ್ರೈವರ್. 'ವೋಚರ್‌ನಲ್ಲಿ 60 ಲೀಟರ್ ಅಂತಿದೆ, ನನ್ನ ಗಾಡಿಗೆ ಹಾಕಿದ್ದು 40 ಮಾತ್ರ' ಅಂದ. ಈ ಒಂದು ಮಾತು ಬಿದ್ದ ಕ್ಷಣಕ್ಕೆ ಹವಾಲ್ದಾರನ ಪರಿಸ್ಥಿತಿ ಬದಲಾಯಿತು. ಅಲ್ಲಿಯವರೆಗೆ ಡೀಸೆಲ್ ಎಲ್ಲಿ ಹೋಯಿತು ಅಂತ ಹುಡುಕುತ್ತಿದ್ದರು. ಈಗ ಒಬ್ಬನ ಮರ್ಯಾದೆಗೆ, ಅವನ ಸೇವೆಯ ಹೆಸರಿಗೆ ಪೆಟ್ಟು ಬೀಳುವ ಹಾಗಾಯಿತು. ಇಲ್ಲಿ ರೂಲ್ 180 ಜಾರಿಗೆ ಬರುತ್ತದೆ. ವಿಚಾರಣೆ ನಡೆಯುವಷ್ಟು ಹೊತ್ತೂ ಅವನು ಅಲ್ಲಿ ಇರಬೇಕು. ತನ್ನ ಹೇಳಿಕೆ ಕೊಡಬಹುದು, ತನ್ನ ವಿರುದ್ಧ ಹೇಳಿದ ಸಾಕ್ಷಿಗೆ ಪಾಟಿ ಸವಾಲು ಹಾಕಬಹುದು, ತನ್ನ ಪರವಾಗಿ ಸಾಕ್ಷಿ ಕರೆಸಬಹುದು. ಇದು ಯಾರೋ ದಯೆಯಿಂದ ಕೊಡುವ ಅವಕಾಶ ಅಲ್ಲ, ಹಕ್ಕು.

ಹವಾಲ್ದಾರ್ ಡ್ರೈವರ್‌ಗೆ ಏನು ಕೇಳಬೇಕಿತ್ತು? ವೋಚರ್ ಮೇಲಿನ ಸಹಿ ನಿನ್ನದೇನಾ? 40 ಹಾಕಿಸಿಕೊಂಡು 60ಕ್ಕೆ ಯಾಕೆ ಸಹಿ ಹಾಕಿದೆ? ಆ ದಿನ ಗಾಡಿ ಎಷ್ಟು ಕಿಲೋಮೀಟರ್ ಓಡಿತು, ಗಾಡಿಯ ಲಾಗ್ ಪುಸ್ತಕ ಎಲ್ಲಿ? 40 ಲೀಟರಿನಲ್ಲಿ ಅಷ್ಟು ದೂರ ಹೋಗೋಕಾಗುತ್ತಾ? ಇದಕ್ಕೆ ವಕೀಲ ಬೇಕಿಲ್ಲ. ಎಂ.ಟಿ.ಯಲ್ಲಿ ಕೆಲಸ ಮಾಡಿದವನಿಗೆ ನನಗಿಂತ ಚೆನ್ನಾಗಿ ಗೊತ್ತಿರುತ್ತದೆ.

ಆದರೆ ಅವನು ಕೇಳುವುದಿಲ್ಲ. ಎದುರಿಗೆ ಮೇಜರ್ ಸಾಬ್ ಕೂತಿದ್ದಾರೆ. ಪ್ರಶ್ನೆ ಇದೆಯಾ ಅಂದರೆ 'ನಹೀ ಸಾಬ್' ಅನ್ನುವುದೇ ಅಭ್ಯಾಸ. 'ಸುಮ್ನೆ ಎನ್‌ಕ್ವೈರಿ, ಏನಾಗಲ್ಲ ಬಿಡು' ಅಂತ ಜೊತೆಗಾರರು ಬೇರೆ ಹೇಳಿರುತ್ತಾರೆ. ಕಾಗದದ ಮೇಲೆ ಎರಡು ಸಾಲು ಬೀಳುತ್ತವೆ. ಸಾಕ್ಷಿಗೆ ಪ್ರಶ್ನೆ ಕೇಳಲು ಇಷ್ಟವಿಲ್ಲ ಎಂದಿದ್ದಾರೆ, ಇದು ಒಂದು. ಆರ್ಮಿ ರೂಲ್ 180 ಪಾಲಿಸಲಾಗಿದೆ, ಇದು ಇನ್ನೊಂದು. ಕೆಳಗೆ ಅವನದೇ ಸಹಿ. ನನ್ನ ಹತ್ತಿರ ಫೈಲು ಬಂದಾಗ ನಾನು ಮೊದಲು ಹುಡುಕುವುದು ಈ ಎರಡು ಸಾಲುಗಳನ್ನು. ಆಮೇಲೆ ಮೇಲಿನ ಕೋರ್ಟಿಗೆ ಹೋಗಿ 'ನನಗೆ ಅವಕಾಶ ಕೊಡಲಿಲ್ಲ' ಅಂದರೆ, ಸರಕಾರಿ ವಕೀಲರು ಆ ಪುಟ ತೆರೆದು ಜಡ್ಜ್ ಮುಂದೆ ಇಡುತ್ತಾರೆ.

ಇಲ್ಲೊಂದು ವಿಚಿತ್ರ ಇದೆ. ರೂಲ್ 182 ಪ್ರಕಾರ, ಕೋರ್ಟ್ ಆಫ್ ಎನ್‌ಕ್ವೈರಿಯಲ್ಲಿ ಹೇಳಿದ್ದನ್ನು ಕೋರ್ಟ್ ಮಾರ್ಷಲ್‌ನಲ್ಲಿ ಸಾಕ್ಷ್ಯವಾಗಿ ಬಳಸುವಂತಿಲ್ಲ. ಬೇಕೆಂದೇ ಸುಳ್ಳು ಸಾಕ್ಷಿ ಹೇಳಿದ ಕೇಸಿಗೆ ಮಾತ್ರ ವಿನಾಯಿತಿ. ಹಾಗಾದರೆ ಅಲ್ಲಿ ಸುಮ್ಮನಿದ್ದರೆ ನಷ್ಟವೇನು ಅಂತ ಕೇಳುತ್ತಾರೆ. ನಷ್ಟ ಮುಂದಿನ ಮೆಟ್ಟಿಲಲ್ಲಿದೆ. ಅದೇ ರೂಲ್ 22, ಆರೋಪದ ಹಿಯರಿಂಗ್. ಸಿ.ಓ. ಎದುರಿಗೆ ಆರೋಪಿಯನ್ನು ನಿಲ್ಲಿಸಿ, ಸಾಕ್ಷಿಗಳನ್ನು ಅಲ್ಲೇ ಕರೆಸಿ, ಪಾಟಿ ಸವಾಲಿಗೆ ಪೂರ್ತಿ ಅವಕಾಶ ಕೊಟ್ಟು ಕೇಳಬೇಕು. ಪುರಾವೆ ಸಾಲದು ಅನ್ನಿಸಿದರೆ ಸಿ.ಓ. ಅಲ್ಲೇ ಕೇಸು ವಜಾ ಮಾಡಬೇಕು. ಒಳ್ಳೆಯ ಮೆಟ್ಟಿಲು. ಆದರೆ ಅದೇ ನಿಯಮದೊಳಗೆ ಒಂದು ಸಣ್ಣ ಗಂಟು ಹಾಕಿದ್ದಾರೆ: ಕೋರ್ಟ್ ಆಫ್ ಎನ್‌ಕ್ವೈರಿಯಿಂದಲೇ ಆರೋಪ ಹುಟ್ಟಿದ್ದು, ಅಲ್ಲಿ ರೂಲ್ 180 ಪಾಲಿಸಿದ್ದರೆ, ಸಿ.ಓ. ಈ ಹಿಯರಿಂಗ್ ಬಿಟ್ಟುಬಿಡಬಹುದು. ಅಂದರೆ ಎನ್‌ಕ್ವೈರಿಯಲ್ಲಿ ಬಿದ್ದ ಆ ಒಂದು ಸಾಲು, ಮುಂದಿನ ಒಂದು ಇಡೀ ಅವಕಾಶವನ್ನು ನುಂಗಿಹಾಕಬಹುದು.

ಹಿಯರಿಂಗ್ ಆದ ಮೇಲೆ ಸಿ.ಓ. ಮುಂದೆ ಕೆಲವು ದಾರಿಗಳಿವೆ. ಸಣ್ಣದಾದರೆ ತಾವೇ ಶಿಕ್ಷೆ ಕೊಟ್ಟು ಮುಗಿಸುವುದು. ಇಲ್ಲವೇ ಮೇಲಿನವರಿಗೆ ಕಳಿಸುವುದು. ಇಲ್ಲವೇ ಸಮ್ಮರಿ ಆಫ್ ಎವಿಡೆನ್ಸ್ ಬರೆಸುವುದು. ಈ ಸಮ್ಮರಿಯಲ್ಲಿ ಪ್ರತಿ ಸಾಕ್ಷಿಯ ಮಾತನ್ನೂ ಆರೋಪಿಯ ಎದುರಿಗೇ ಬರೆದು, ಓದಿ ಹೇಳಿ, ಸಹಿ ಹಾಕಿಸುತ್ತಾರೆ. ಆರೋಪಿ ಇಲ್ಲೂ ಪ್ರಶ್ನೆ ಕೇಳಬಹುದು. ಕೊನೆಗೆ ಅವನಿಗೆ ಎಚ್ಚರಿಕೆ ಕೊಡಬೇಕು: ನೀನು ಏನೂ ಹೇಳಲೇಬೇಕೆಂದಿಲ್ಲ, ಆದರೆ ಹೇಳಿದ್ದನ್ನು ಬರೆದುಕೊಳ್ಳುತ್ತೇವೆ, ಅದು ಸಾಕ್ಷ್ಯವಾಗಬಹುದು ಅಂತ. ಎಲ್ಲಾ ಕಡೆ ಮಾತಾಡಿ ಅಂತ ನಾನು ಹೇಳುತ್ತಿಲ್ಲ, ಗಮನಿಸಿ. ಸಾಕ್ಷಿಗೆ ಪ್ರಶ್ನೆ ಕೇಳುವುದು ಬೇರೆ, ತಾನೇ ಹೇಳಿಕೆ ಬರೆದುಕೊಡುವುದು ಬೇರೆ. ನಮ್ಮ ಹುಡುಗರು ಹೆಚ್ಚಾಗಿ ಉಲ್ಟಾ ಮಾಡುತ್ತಾರೆ. ಪ್ರಶ್ನೆ ಒಂದೂ ಕೇಳುವುದಿಲ್ಲ, ಹೇಳಿಕೆ ಮಾತ್ರ ಎರಡು ಪುಟ.

ಮಿಲಿಟರಿ ಪೊಲೀಸರ ವರದಿ ಈ ಸಾಲಿನಲ್ಲಿ ಎಲ್ಲಿ ಬರುತ್ತದೆ? ಸ್ಥಳದ ಫೋಟೋ, ವಶಪಡಿಸಿಕೊಂಡ ವಸ್ತು, ಮೊಬೈಲ್, ಇವೆಲ್ಲ ಅವರ ಕಡೆಯಿಂದ ಬಂದಾಗ ಸಿ.ಓ.ಗೆ ಅದು ಕಚ್ಚಾ ಸಾಮಗ್ರಿ. ವಾಟ್ಸಾಪ್ ಚಾಟ್ ಪ್ರಿಂಟ್ ಹಾಕಿ ಫೈಲಿಗೆ ಲಗತ್ತಿಸಿದರೆ ಮುಗಿಯಿತು ಅನ್ನುವವರು ಇನ್ನೂ ಇದ್ದಾರೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ ಸೆಕ್ಷನ್ 63ರ ಪ್ರಕಾರ ಅದಕ್ಕೆ ಸರ್ಟಿಫಿಕೇಟ್ ಬೇಕು, ಅದರಲ್ಲಿ ಹ್ಯಾಶ್ ಮೌಲ್ಯ (ಫೈಲು ತಿದ್ದಿಲ್ಲ ಅಂತ ತೋರಿಸುವ ಡಿಜಿಟಲ್ ಗುರುತು) ನಮೂದಿಸಬೇಕು. ಫೋನು ಯಾರ ಕೈಯಿಂದ ಯಾರ ಕೈಗೆ ಹೋಯಿತು ಅನ್ನುವ ದಾಖಲೆ ಇಲ್ಲದಿದ್ದರೆ ನಾನು ಅಲ್ಲಿಂದಲೇ ಶುರು ಮಾಡುತ್ತೇನೆ.

ಇಷ್ಟು ಹೊತ್ತು ಮಾತಾಡಿದ್ದು ಯೂನಿಟ್ಟಿನ ಒಳಗಿನ ಕೇಸು. ಕೊಲೆ, ಅತ್ಯಾಚಾರದಂಥದ್ದಾದರೆ? ಬಲಿಯಾದವರು ಸಾಮಾನ್ಯ ನಾಗರಿಕರಾಗಿದ್ದರೆ ಸೆಕ್ಷನ್ 70 ಪ್ರಕಾರ ಕೋರ್ಟ್ ಮಾರ್ಷಲ್‌ಗೆ ಅಧಿಕಾರವೇ ಇಲ್ಲ. ಆಗ ಕೇಸು ಊರಿನ ಪೊಲೀಸರದ್ದು, ಸೆಷನ್ಸ್ ಕೋರ್ಟಿನದ್ದು. ಆದರೆ ಸೈನಿಕ ಆ್ಯಕ್ಟಿವ್ ಸರ್ವಿಸ್‌ನಲ್ಲಿದ್ದರೆ (ಅಂದರೆ ಶತ್ರುವಿನ ವಿರುದ್ಧದ ಕಾರ್ಯಾಚರಣೆಯಂಥ ಸೇವೆಯಲ್ಲಿ), ದೇಶದ ಹೊರಗಿದ್ದರೆ ಅಥವಾ ಸರಕಾರ ಹೆಸರಿಸಿದ ಗಡಿ ಠಾಣೆಯಲ್ಲಿದ್ದರೆ ಈ ತಡೆ ಇಲ್ಲ. ಎರಡೂ ಕಡೆ ನಡೆಸಬಹುದಾದ ಅಪರಾಧಗಳಲ್ಲಿ ಎಲ್ಲಿ ನಡೆಸಬೇಕು ಅಂತ ಮೊದಲು ಆರಿಸುವವರು ಸೆಕ್ಷನ್ 125 ಪ್ರಕಾರ ಸೇನೆಯ ಹಿರಿಯ ಕಮಾಂಡರ್.

ಈ ಆಯ್ಕೆ ಎಷ್ಟು ದೊಡ್ಡದು ಅಂತ ತಿಳಿಯಲು ಪಥ್ರಿಬಲ್ ಕೇಸ್ ನೋಡಬೇಕು. 2000ದಲ್ಲಿ ಕಾಶ್ಮೀರದ ಪಥ್ರಿಬಲ್‌ನಲ್ಲಿ ಸೇನೆಯವರು ಐವರನ್ನು ಕೊಂದದ್ದು ನಕಲಿ ಎನ್‌ಕೌಂಟರ್ ಅಂತ ಸಿಬಿಐ 2006ರಲ್ಲಿ ಚಾರ್ಜ್‌ಶೀಟ್ ಹಾಕಿತು. ಕೇಸು ಸುಪ್ರೀಂ ಕೋರ್ಟಿಗೆ ಹೋಯಿತು. ಕೋರ್ಟ್ ಮಾರ್ಷಲ್ ಮಾಡುತ್ತೀರಾ ಇಲ್ಲವಾ, ಎಂಟು ವಾರದಲ್ಲಿ ಹೇಳಿ ಅಂತ 2012ರಲ್ಲಿ ಕೋರ್ಟ್ ಹೇಳಿತು. ಸೇನೆ ತಾನೇ ನೋಡಿಕೊಳ್ಳುತ್ತೇನೆ ಎಂದಿತು. 2014ರ ಜನವರಿಯಲ್ಲಿ ಪುರಾವೆ ಸಾಲದು ಅಂತ ಕೇಸು ಮುಚ್ಚಿತು. ಕೋರ್ಟ್ ಮಾರ್ಷಲ್ ಸೇರಲೇ ಇಲ್ಲ. ಸತ್ತವರ ಮನೆಯವರಿಗೆ ಹದಿನಾಲ್ಕು ವರ್ಷದ ನಂತರ ಸಿಕ್ಕ ಉತ್ತರ ಅದು. ಸೇನೆಯವರ ಪರ ವಾದಿಸುವವನಾಗಿಯೂ ಹೇಳುತ್ತೇನೆ, ಇದು ನನಗೆ ಒಪ್ಪಿಗೆಯಾಗುವ ರೀತಿ ಅಲ್ಲ.

ತನ್ನದೇ ಅಧೀನದವನ ತನಿಖೆಯನ್ನು ಕಮಾಂಡರ್ ನಿಷ್ಪಕ್ಷಪಾತವಾಗಿ ಮಾಡಬಲ್ಲನೇ? ಇದು ಎರಡೂ ಕಡೆ ಕುಯ್ಯುತ್ತದೆ. ಕಮಾಂಡರ್ ತನ್ನವರನ್ನು ಉಳಿಸಬಹುದು, ತನಗಾಗದವರನ್ನು ಮುಗಿಸಲೂಬಹುದು. ಎರಡನೆಯದಕ್ಕೆ ರಣಜಿತ್ ಠಾಕೂರ್ ಎಂಬ ಸಿಗ್ನಲ್‌ಮ್ಯಾನ್‌ನ (ಸೇನೆಯ ಸಂಪರ್ಕ ವಿಭಾಗದ ಜವಾನ) ಕೇಸು ಸಾಕು. ಸಿ.ಓ. ಮೇಲೆ ನೇರವಾಗಿ ಮೇಲಧಿಕಾರಿಗಳಿಗೆ ದೂರು ಬರೆದ ಅಂತ ಅವನಿಗೆ 28 ದಿನ ಜೈಲು ಶಿಕ್ಷೆ ಕೊಟ್ಟರು. ಆ ಶಿಕ್ಷೆ ಅನುಭವಿಸುತ್ತಿದ್ದಾಗ ಊಟ ಮಾಡು ಅಂದರೆ ಮಾಡಲಿಲ್ಲ ಅಂತ ಸಮ್ಮರಿ ಕೋರ್ಟ್ ಮಾರ್ಷಲ್. ಈ ಬಗೆಯ ಕೋರ್ಟ್ ಮಾರ್ಷಲ್‌ನಲ್ಲಿ ಸಿ.ಓ. ಒಬ್ಬರೇ ಕೋರ್ಟು. ಇಲ್ಲಂತೂ ಯಾರ ಮೇಲೆ ಅವನು ದೂರು ಕೊಟ್ಟಿದ್ದನೋ ಅವರೇ ಆ ಕೋರ್ಟಿನಲ್ಲಿ ಕೂತಿದ್ದರು. ಒಂದು ವರ್ಷ ಜೈಲು, ನೌಕರಿಯಿಂದ ವಜಾ. 1987ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ರದ್ದು ಮಾಡಿತು. ತೀರ್ಪು ಬರೆದವರು ನಮ್ಮ ಬೆಂಗಳೂರಿನವರೇ ಆದ, ಆಮೇಲೆ ಮುಖ್ಯ ನ್ಯಾಯಮೂರ್ತಿಯಾದ ಎಂ.ಎನ್. ವೆಂಕಟಾಚಲಯ್ಯನವರು. ತೀರ್ಪು ಕೊಡುವವನು 'ನನಗೆ ಪಕ್ಷಪಾತ ಇದೆಯಾ' ಅಂತ ತನ್ನನ್ನು ಕೇಳಿಕೊಂಡರೆ ಸಾಲದು, ಎದುರಿಗೆ ನಿಂತವನ ಮನಸ್ಸಿಗೆ ಹೇಗೆ ಕಾಣುತ್ತದೆ ಅಂತ ನೋಡಬೇಕು ಅನ್ನುವುದು ಅವರ ವಾದದ ತಿರುಳು. ಸೇನೆಯ ಕೇಸು ನಡೆಸುವ ವಕೀಲರು ಇಂದಿಗೂ ಈ ತೀರ್ಪನ್ನು ಕೈಯಲ್ಲಿ ಹಿಡಿದೇ ಹೋಗುತ್ತೇವೆ.

ಬೇರೆ ದೇಶಗಳು ಈ ಗಂಟನ್ನು ಸ್ವಲ್ಪ ಸಡಿಲಿಸಿವೆ. ಬ್ರಿಟನ್ 2022ರ ಡಿಸೆಂಬರ್‌ನಲ್ಲಿ ಮೂರೂ ಪಡೆಗಳ ಗಂಭೀರ ಅಪರಾಧಗಳಿಗೆ ಒಂದೇ ಪ್ರತ್ಯೇಕ ತನಿಖಾ ಘಟಕ ಶುರು ಮಾಡಿತು. ಅಮೆರಿಕದಲ್ಲಿ ಫೋರ್ಟ್ ಹುಡ್ ನೆಲೆಯ ಬಗ್ಗೆ 2020ರಲ್ಲಿ ಬಂದ ಸ್ವತಂತ್ರ ವರದಿ, ಅಲ್ಲಿನ ಸೇನಾ ತನಿಖಾಧಿಕಾರಿಗಳಿಗೆ ಅನುಭವ ಕಡಿಮೆ, ಕೆಲಸ ಜಾಸ್ತಿ ಅಂತ ಹೇಳಿತು. ಆಮೇಲೆ ಸೇನೆಯ ಅಪರಾಧ ತನಿಖಾ ವಿಭಾಗಕ್ಕೆ ಸೇನೆಯ ಹೊರಗಿನವರನ್ನೇ ಮುಖ್ಯಸ್ಥರಾಗಿ ತಂದರು. ನಮ್ಮಲ್ಲೂ ಗಂಭೀರ ಕೇಸುಗಳನ್ನಾದರೂ ಆ ಯೂನಿಟ್ಟಿನ ಸಿ.ಓ. ಕೈಯಿಂದ ತೆಗೆದು, ತರಬೇತಿ ಪಡೆದ ಮಿಲಿಟರಿ ಪೊಲೀಸ್ ತನಿಖಾಧಿಕಾರಿಗೆ ಕೊಡಬೇಕು ಅನ್ನುವುದು ನನ್ನ ಅಭಿಪ್ರಾಯ. ಶಿಸ್ತು ಕೆಡುತ್ತದೆ ಅಂತ ಹಿರಿಯ ಆಫೀಸರ್ ಮಿತ್ರರು ವಾದಿಸುತ್ತಾರೆ. ಸಿಯಾಚಿನ್‌ನಲ್ಲಿ ಸಿ.ಓ. ಮಾತಿಗೆ ತೂಕ ಇರಲೇಬೇಕು, ಒಪ್ಪಿದೆ. ಡೀಸೆಲ್ ಲೆಕ್ಕ ನೋಡಲು ಆ ತೂಕ ಯಾಕೆ ಬೇಕು?

ಅಲ್ಲಿಯವರೆಗೆ ಇರುವ ನಿಯಮದಲ್ಲೇ ಕೆಲಸ ನಡೆಯಬೇಕು. ಮನೆಯವರು ಫೋನ್ ಮಾಡಿದಾಗ ನಾನು ಹೇಳುವುದಿಷ್ಟು. ಹುಡುಗ ಓಪನ್ ಅರೆಸ್ಟ್‌ನಲ್ಲಿ (ಕೂಡಿಹಾಕದೆ ನಿರ್ಬಂಧದಲ್ಲಿ) ಇದ್ದಾನಾ, ಕ್ವಾರ್ಟರ್ ಗಾರ್ಡಿನಲ್ಲಿ (ಯೂನಿಟ್ಟಿನ ಕಾವಲು ಕೋಣೆಯಲ್ಲಿ) ಇದ್ದಾನಾ ತಿಳಿದುಕೊಳ್ಳಿ. ಘಟನೆ ಯಾವ ದಿನದ್ದು, ಅಧಿಕಾರಿಗಳಿಗೆ ಗೊತ್ತಾದದ್ದು ಯಾವಾಗ, ಬರೆದಿಟ್ಟುಕೊಳ್ಳಿ. ಸೆಕ್ಷನ್ 122ರ ಮೂರು ವರ್ಷದ ಗಡುವು ಆ ತಾರೀಕುಗಳ ಮೇಲೆ ನಿಂತಿದೆ. ಪಲಾಯನ, ದಂಗೆಯಂಥ ಕೆಲವು ಅಪರಾಧಗಳಿಗೆ ಮಾತ್ರ ಆ ಗಡುವಿಲ್ಲ. ಎನ್‌ಕ್ವೈರಿಯಲ್ಲಿ ಸಾಕ್ಷಿಗೆ ಕೇಳುವ ಪ್ರಶ್ನೆಗಳನ್ನು ಹಿಂದಿನ ರಾತ್ರಿಯೇ ಚೀಟಿಯಲ್ಲಿ ಬರೆದುಕೊಂಡು ಹೋಗಲಿ. ಕೇಳಲು ಬಿಡದಿದ್ದರೆ ಅದನ್ನೇ ಬರವಣಿಗೆಯಲ್ಲಿ ಕೊಡಲಿ. ಓದದೆ ಸಹಿ ಬೇಡ. ಕೋರ್ಟ್ ಮಾರ್ಷಲ್ ಆದರೆ, ಕೇಸಿಗೆ ಸಂಬಂಧಪಟ್ಟ ಎನ್‌ಕ್ವೈರಿ ಹೇಳಿಕೆಗಳ ನಕಲನ್ನು ರೂಲ್ 184ರ ಪ್ರಕಾರ ಕೇಳಿ ಪಡೆಯಲಿ. ಜಾಮೀನಿನ ಪ್ರಶ್ನೆಗೂ ಈಗ ಉತ್ತರ ಇದೆ. 2007ರ ಕಾಯ್ದೆಯಿಂದ ಬಂದ ಸಶಸ್ತ್ರ ಪಡೆಗಳ ನ್ಯಾಯಮಂಡಳಿಗೆ ಸೇನೆಯ ಕಸ್ಟಡಿಯಲ್ಲಿರುವವರಿಗೆ ಜಾಮೀನು ಕೊಡುವ ಅಧಿಕಾರವಿದೆ. ಕರ್ನಾಟಕದಲ್ಲಿ ಪೋಸ್ಟಿಂಗ್ ಇರುವವರು ಹೋಗಬೇಕಾದದ್ದು ಅದರ ಕೊಚ್ಚಿ ಪೀಠಕ್ಕೆ.