ಪದ ಪರಿಚಯ: ‘ರಿಪೋರ್ಟರ್ ಅಟ್ ಲಾರ್ಜ್’

ಅಮೆರಿಕದ ‘ದಿ ನ್ಯೂಯಾರ್ಕರ್’ ವಾರಪತ್ರಿಕೆ ಆರಂಭವಾದದ್ದು 1925ರಲ್ಲಿ. ಮೊದಲ ವರ್ಷಗಳಿಂದಲೂ ಅದರಲ್ಲಿ ‘ಎ ರಿಪೋರ್ಟರ್ ಅಟ್ ಲಾರ್ಜ್’ ಎಂಬ ತಲೆಬರಹದಡಿ ದೀರ್ಘ ವರದಿಗಳು ಬರುತ್ತಿದ್ದವು. ಕೋರ್ಟು, ಪೊಲೀಸು, ಶಾಸನಸಭೆ ಎಂದು ಯಾವ ಒಂದು ಬೀಟಿಗೂ ಅಂಟಿಕೊಳ್ಳದೆ ಎಲ್ಲಿ ಬೇಕಾದರೂ ಹೋಗಿ ಬರೆಯಬಹುದಾದ ವರದಿಗಾರ ಎಂಬುದು ಅದರ ಅರ್ಥ. ಮಾರಿಸ್ ಮಾರ್ಕಿ ಎಂಬ ಪತ್ರಕರ್ತ 1920ರ ದಶಕದಲ್ಲಿ ಈ ತಲೆಬರಹದಡಿ ನಗರದ ಬದುಕನ್ನು ಬರೆಯುತ್ತಿದ್ದ. ಆಗ ಅದು ಲಘುವಾದ ಅಂಕಣ. ಎರಡನೆಯ ಮಹಾಯುದ್ಧ ಅದರ ಸ್ವರೂಪವನ್ನೇ ಬದಲಿಸಿತು. ಇಂದು ಪತ್ರಿಕೋದ್ಯಮದ ವಿದ್ಯಾರ್ಥಿಗಳು ಈ ಹೆಸರನ್ನು ಕೇಳಿದಾಗ ನೆನೆಯುವುದು ಆ ಯುದ್ಧ ರೂಪಿಸಿದ ಬರಹವನ್ನೇ.

ನಮ್ಮ ದಿನಪತ್ರಿಕೆಗಳ ನುಡಿಚಿತ್ರ ಇದಕ್ಕೆ ಹತ್ತಿರದ್ದು, ಆದರೆ ಇದೇ ಅಲ್ಲ. ನುಡಿಚಿತ್ರ ಸಾವಿರ ಪದಗಳ ಆಸುಪಾಸಿನಲ್ಲಿ ಮುಗಿಯುತ್ತದೆ. ಬರೆದವರ ಅನಿಸಿಕೆಗೆ ಅದರಲ್ಲಿ ಜಾಗವಿದೆ. ‘ರಿಪೋರ್ಟರ್ ಅಟ್ ಲಾರ್ಜ್’ ಬಗೆಯ ವರದಿ ಹತ್ತು ಸಾವಿರ, ಇಪ್ಪತ್ತು ಸಾವಿರ ಪದಗಳಿಗೆ ಬೆಳೆಯಬಲ್ಲದು. ಕತೆಯ ಹಾಗೆ ದೃಶ್ಯ, ಪಾತ್ರ, ಕುತೂಹಲಗಳಿಂದ ಅದನ್ನು ಕಟ್ಟಿರುತ್ತಾರೆ. ಆದರೆ ಒಂದು ವಿವರವೂ ಕಲ್ಪಿಸಿದ್ದಾಗಿರಕೂಡದು. ಈ ಎರಡು ಮಾತನ್ನೂ ಒಟ್ಟಿಗೆ ಪಾಲಿಸುವುದೇ ಇದರ ಕಷ್ಟ.

ಯುದ್ಧಕಾಲದಲ್ಲಿ ಇದಕ್ಕೆ ಬೇಡಿಕೆ ಬಂದದ್ದಕ್ಕೆ ಕಾರಣವಿದೆ. ರೇಡಿಯೊ ಮತ್ತು ದಿನಪತ್ರಿಕೆಗಳು ಸುದ್ದಿಯನ್ನು ಗಂಟೆಗಳಲ್ಲಿ ಮುಟ್ಟಿಸುತ್ತಿದ್ದವು. ವಾರಪತ್ರಿಕೆ ವೇಗದಲ್ಲಿ ಅವುಗಳ ಜೊತೆ ಸೆಣಸುವ ಹಾಗಿರಲಿಲ್ಲ. ಅದಕ್ಕೆ ಉಳಿದದ್ದು ತಡವಾಗಿ ಬಂದರೂ ಪೂರ್ತಿಯಾಗಿ ಬರೆಯುವ ದಾರಿ. ಪತ್ರಿಕೆಯ ವರದಿಗಾರ ಎ.ಜೆ. ಲೀಬ್ಲಿಂಗ್, ಮಿತ್ರಪಡೆಗಳು ಫ್ರಾನ್ಸಿನ ನಾರ್ಮಂಡಿ ತೀರದ ಮೇಲೆ ದಾಳಿಯಿಟ್ಟ ದಿನ, 1944ರ ಜೂನ್ 6ರಂದು, ಸೈನಿಕರನ್ನು ದಡಕ್ಕಿಳಿಸುವ ಒಂದು ಸಣ್ಣ ಹಡಗಿನಲ್ಲಿದ್ದರು. ಅವರ ವರದಿ ಅಚ್ಚಾದದ್ದು ಜುಲೈ ತಿಂಗಳಲ್ಲಿ, ಮೂರು ಕಂತುಗಳಲ್ಲಿ. ದಾಳಿಯ ಫಲಿತಾಂಶ ಅಷ್ಟರಲ್ಲಿ ಎಲ್ಲರಿಗೂ ಗೊತ್ತಿತ್ತು. ಆ ಒಂದು ಹಡಗಿನ ಡೆಕ್ಕಿನ ಮೇಲೆ ಏನಾಯಿತು ಎಂಬುದು ಮಾತ್ರ ಗೊತ್ತಿರಲಿಲ್ಲ.

ಅದೇ ಜೂನ್ 17ರ ಸಂಚಿಕೆಯಲ್ಲಿ ಜಾನ್ ಹರ್ಸಿ ಬರೆದ ‘ಸರ್ವೈವಲ್’ ಬಂತು. ಪೆಸಿಫಿಕ್ ಸಾಗರದಲ್ಲಿ 1943ರ ಆಗಸ್ಟ್ 2ರಂದು ಜಪಾನಿನ ಒಂದು ಡಿಸ್ಟ್ರಾಯರ್ ಯುದ್ಧನೌಕೆ ಅಮೆರಿಕದ ಪಿಟಿ-109 ದೋಣಿಯನ್ನು ಎರಡು ಹೋಳು ಮಾಡಿತು. ಇದ್ದ ಹದಿಮೂರು ಮಂದಿಯಲ್ಲಿ ಇಬ್ಬರು ಸತ್ತರು, ಹನ್ನೊಂದು ಮಂದಿ ಈಜಿ ಬದುಕಿದರು. ಸುಟ್ಟ ಗಾಯವಾಗಿದ್ದ ಒಬ್ಬನ ಲೈಫ್ ಜಾಕೆಟ್ಟಿನ ಪಟ್ಟಿಯನ್ನು ಹಲ್ಲಿನಲ್ಲಿ ಕಚ್ಚಿ ಎಳೆದುಕೊಂಡು ಹೋದ ದೋಣಿಯ ನಾಯಕನ ಹೆಸರು ಜಾನ್ ಎಫ್. ಕೆನಡಿ. ಮೊದಲು ದೋಣಿಯ ಉಳಿದವರನ್ನು ಮಾತಾಡಿಸಿ ಎಂದು ಕೆನಡಿಯೇ ಹರ್ಸಿಗೆ ಹೇಳಿದ್ದರು. ಅನುಭವಿ ವರದಿಗಾರರು ಹೇಗೂ ಮಾಡುವ ಕೆಲಸವದು: ನಾಯಕನ ಮಾತನ್ನು ಕೊನೆಗೆ ಇಟ್ಟುಕೊಂಡರೆ ಅದನ್ನು ತಾಳೆ ನೋಡಲು ಬೇರೆಯವರ ಮಾತು ಕೈಯಲ್ಲಿರುತ್ತದೆ.

ಈ ಪ್ರಕಾರದ ಎಲ್ಲ ಗುಣಗಳನ್ನೂ ಒಂದೇ ಕಡೆ ನೋಡಬೇಕೆಂದರೆ 1946ರ ಆಗಸ್ಟ್ 31ರ ಸಂಚಿಕೆಯನ್ನು ತೆರೆಯಬೇಕು. ಮುಖಪುಟದಲ್ಲಿ ಬೇಸಿಗೆಯ ಒಂದು ಪಾರ್ಕು, ಆಡುವ, ಅಡ್ಡಾಡುವ ಜನ. ಒಳಗೆ ಜಾಹೀರಾತು ಮತ್ತು ನಗರದ ಕಾರ್ಯಕ್ರಮಗಳ ಪಟ್ಟಿ ಬಿಟ್ಟರೆ ಇದ್ದದ್ದು ಒಂದೇ ಬರಹ, ಹರ್ಸಿಯ ‘ಹಿರೋಷಿಮಾ’, ಸುಮಾರು 31,000 ಪದ. ವ್ಯಂಗ್ಯಚಿತ್ರವಿಲ್ಲ, ಕವಿತೆಯಿಲ್ಲ, ಕತೆಯಿಲ್ಲ. ಮೊದಲು ಇದನ್ನು ನಾಲ್ಕು ವಾರ ನಾಲ್ಕು ಕಂತಾಗಿ ಹಾಕುವ ಯೋಚನೆಯಿತ್ತು. ಒಂದೇ ಸಂಚಿಕೆಯಲ್ಲಿ ಹಾಕೋಣ ಎಂದವರು ವ್ಯವಸ್ಥಾಪಕ ಸಂಪಾದಕ ವಿಲಿಯಂ ಶಾನ್. ಓದುಗರಿಗೆ ರೂಢಿಯಾದದ್ದನ್ನೆಲ್ಲ ಒಂದು ವಾರ ಕಿತ್ತುಹಾಕಬೇಕೇ ಎಂದು ಸಂಪಾದಕ ಹೆರಾಲ್ಡ್ ರಾಸ್ ಹಲವು ದಿನ ಚಿಂತಿಸಿ ಆಮೇಲೆ ಒಪ್ಪಿದರು. ಕಂತಿನಲ್ಲಿ ಏನು ತೊಂದರೆ? ಆರು ಜನರ ಕತೆಯನ್ನು ಹೆಣೆದ ಬರಹವದು. ಎರಡನೆಯ ವಾರದ ಓದುಗನಿಗೆ ಯಾರು ಯಾರೆಂದು ಮತ್ತೆ ಪರಿಚಯಿಸಬೇಕಾಗುತ್ತಿತ್ತು, ಹೆಣಿಗೆ ಸಡಿಲವಾಗುತ್ತಿತ್ತು.

ಹರ್ಸಿ ಜಪಾನಿಗೆ ಹೋದದ್ದು 1946ರ ಮೇ ತಿಂಗಳಲ್ಲಿ. ಅದಕ್ಕೆ ಮುನ್ನ ಚೀನಾ ಪ್ರವಾಸದಲ್ಲಿ ಕಾಯಿಲೆ ಬಿದ್ದು ಹಡಗಿನಲ್ಲಿ ಮಲಗಿದ್ದಾಗ ಥಾರ್ನ್‌ಟನ್ ವೈಲ್ಡರ್ ಬರೆದ ಒಂದು ಕಾದಂಬರಿಯನ್ನು ಓದಿದರು. ಸೇತುವೆಯೊಂದು ಕುಸಿದು ಸತ್ತ ಐವರ ಬದುಕನ್ನು ಒಂದೊಂದಾಗಿ ಬಿಡಿಸುವ ಕಾದಂಬರಿ ಅದು. ಆ ರಚನೆ ಹಿರೋಷಿಮಾದ ವರದಿಗೆ ದಾರಿಯಾಯಿತು. ಹತ್ತಾರು ಜನರನ್ನು ಮಾತಾಡಿಸಿ ಕೊನೆಗೆ ಆರು ಮಂದಿಯನ್ನು ಆರಿಸಿಕೊಂಡರು: ಕಾರ್ಖಾನೆಯ ಗುಮಾಸ್ತೆ ತೊಶಿಕೊ ಸಸಾಕಿ, ದರ್ಜಿಯ ವಿಧವೆ ಹತ್ಸುಯೊ ನಕಮುರಾ, ಡಾ. ಮಸಕಾಜು ಫುಜಿಯಿ, ಡಾ. ತೆರುಫುಮಿ ಸಸಾಕಿ, ಜರ್ಮನಿಯ ಜೆಸ್ಯುಯಿಟ್ ಪಾದ್ರಿ ವಿಲ್ಹೆಲ್ಮ್ ಕ್ಲೈನ್‌ಸೋರ್ಗ್, ಮೆಥಡಿಸ್ಟ್ ಪಾಸ್ಟರ್ ಕಿಯೊಶಿ ತನಿಮೊಟೊ. ಬಾಂಬು ಬಿದ್ದ ಮೇಲೆ ಅವರಲ್ಲಿ ಕೆಲವರ ದಾರಿಗಳು ಕೂಡುತ್ತವೆ. ಕೂಡುವ ದಾರಿಗಳು ಇಲ್ಲದಿದ್ದರೆ ಬರಹ ಆರು ಬಿಡಿ ಸಂದರ್ಶನಗಳಾಗಿ ಉಳಿಯುತ್ತದೆ.

ಬರಹದ ಕಟ್ಟೋಣವನ್ನು ಗಮನಿಸಿ. 1945ರ ಆಗಸ್ಟ್ 6ರ ಬೆಳಗ್ಗೆ 8 ಗಂಟೆ 15 ನಿಮಿಷ ಎಂದು ಗಡಿಯಾರದಿಂದಲೇ ಆರಂಭ. ಆ ನಿಮಿಷದಲ್ಲಿ ಆರು ಮಂದಿ ಎಲ್ಲೆಲ್ಲಿದ್ದರು ಎಂಬುದು ಮೊದಲ ಪ್ಯಾರಾ. ಪ್ರತಿಯೊಬ್ಬರೂ ಸ್ಫೋಟದ ಕೇಂದ್ರದಿಂದ ಎಷ್ಟು ದೂರವಿದ್ದರು ಎಂಬುದು ಗಜಗಳ ಲೆಕ್ಕದಲ್ಲಿದೆ: ನಕಮುರಾ 1,350, ಆಸ್ಪತ್ರೆಯಲ್ಲಿದ್ದ ಡಾ. ಸಸಾಕಿ 1,650, ತನಿಮೊಟೊ 3,500. ಯಾರಿಗೆ ಎಷ್ಟು ಪೆಟ್ಟಾಯಿತು, ಏಕೆ ಅಷ್ಟೇ ಆಯಿತು ಎಂಬುದನ್ನು ಈ ಅಂಕಿಗಳೇ ಹೇಳುತ್ತವೆ. ಒಬ್ಬೊಬ್ಬರ ಕತೆಯನ್ನೂ ತುದಿಗಾಲಲ್ಲಿ ನಿಲ್ಲಿಸಿ ಮುಂದಿನವರತ್ತ ಹೋಗುವುದು ಕಾದಂಬರಿಕಾರರ ಜಾಣ್ಮೆ. ಇನ್ನೊಂದು ಕಟ್ಟುಪಾಡು ಇದಕ್ಕಿಂತ ಮುಖ್ಯ: ಬಹುಮಟ್ಟಿಗೆ ಆ ಹೊತ್ತಿನಲ್ಲಿ ಆ ಮನುಷ್ಯನಿಗೆ ಗೊತ್ತಿದ್ದಷ್ಟನ್ನೇ ಓದುಗನಿಗೂ ತಿಳಿಸುವುದು. ಬದುಕುಳಿದವರಿಗೆ ಅದು ಅಣುಬಾಂಬು ಎಂದು ಗೊತ್ತಿರಲಿಲ್ಲ. ವಿಮಾನದಿಂದ ಮೆಗ್ನೀಸಿಯಂ ಪುಡಿ ಎರಚಿ ಬೆಂಕಿ ಹಚ್ಚಿದರೆಂಬ ಮಾತೂ ಹಬ್ಬಿತ್ತು. ಆ ಊಹೆಗಳು ಹಾಗೆಯೇ ದಾಖಲಾಗಿವೆ. ಅವನ್ನು ತಿದ್ದಲು ಲೇಖಕ ನಡುವೆ ಬಾಯಿ ಹಾಕುವುದು ಅಪರೂಪ.

ದೊಡ್ಡ ಅಂಕಿಗಳು ಬರುವ ಬಗೆಯನ್ನೂ ನೋಡಬೇಕು. ನಗರದ 2,45,000 ಜನರಲ್ಲಿ ಸುಮಾರು ಒಂದು ಲಕ್ಷ ಮಂದಿ ಸತ್ತರು ಅಥವಾ ಸಾಯುವಂತೆ ಗಾಯಗೊಂಡರು ಎಂಬ ವಾಕ್ಯ ಡಾ. ಸಸಾಕಿಯ ಕತೆಯೊಳಗೆ ಬರುತ್ತದೆ. ನಗರದ 150 ವೈದ್ಯರಲ್ಲಿ 65 ಮಂದಿ ಆಗಲೇ ಸತ್ತಿದ್ದರು. 600 ಹಾಸಿಗೆಯ ರೆಡ್ ಕ್ರಾಸ್ ಆಸ್ಪತ್ರೆಗೆ ಹತ್ತು ಸಾವಿರ ಗಾಯಾಳುಗಳು ಬಂದರು. ಅಲ್ಲಿ ಗಾಯವಾಗದೆ ಉಳಿದ ವೈದ್ಯ ಡಾ. ಸಸಾಕಿ ಒಬ್ಬರೇ. ಸ್ವಂತ ಕನ್ನಡಕ ಹಾರಿಹೋಗಿದ್ದರಿಂದ ಗಾಯಗೊಂಡ ಒಬ್ಬ ನರ್ಸಿನ ಕನ್ನಡಕ ಹಾಕಿಕೊಂಡು ಅವರು ಕೆಲಸ ಮಾಡಿದರು. ಕನ್ನಡಕದ ವಿವರವನ್ನು ಓದಿದವರಿಗೆ ಹತ್ತು ಸಾವಿರ ಎಂಬ ಸಂಖ್ಯೆಯ ಭಾರ ತಿಳಿಯುತ್ತದೆ. ವೈದ್ಯರ, ಗಾಯಾಳುಗಳ ಈ ಸಂಖ್ಯೆಗಳು ಮೊದಲ ಪುಟದಲ್ಲಿ ಬಂದಿದ್ದರೆ ಕಣ್ಣು ಅವುಗಳ ಮೇಲೆ ಜಾರಿಹೋಗುತ್ತಿತ್ತು.

ಬರಹದ ದನಿ ಸಪ್ಪೆಯೆನ್ನಿಸುವಷ್ಟು ಶಾಂತ. ‘ಭೀಕರ’, ‘ಘೋರ’ ಎಂದು ಲೇಖಕ ಉದ್ಗರಿಸುವುದಿಲ್ಲ, ‘ನಾನು’ ಎಂಬ ಪದವೇ ಇಲ್ಲ. ಇದು ಬೇಕೆಂದೇ ಮಾಡಿದ್ದು, ಓದುಗನಿಗೂ ಆ ಜನರಿಗೂ ನಡುವೆ ಲೇಖಕನ ಕೋಪ ಅಡ್ಡ ನಿಲ್ಲಬಾರದು ಎಂದು ಹರ್ಸಿ ಮುಂದೆ ವಿವರಿಸಿದ್ದಾರೆ. ಎಲ್ಲರೂ ಇದನ್ನು ಮೆಚ್ಚಲಿಲ್ಲ. ಬಾಂಬನ್ನು ಭೂಕಂಪ, ಪ್ರವಾಹಗಳ ಸಾಲಿಗೆ ಸೇರಿಸಿದಂತಾಯಿತು ಎಂದು ಅಮೆರಿಕದ ಲೇಖಕಿ ಮೇರಿ ಮೆಕಾರ್ಥಿ ಅದೇ ವರ್ಷ ಆಕ್ಷೇಪಿಸಿದರು. ಬಾಂಬು ಹಾಕಿದವರು ಯಾರು, ಏಕೆ ಎಂಬ ಪ್ರಶ್ನೆ ಬರಹದ ಹೊರಗೆ ಉಳಿದದ್ದು ನಿಜ, ಆ ಆಕ್ಷೇಪವನ್ನು ತಳ್ಳಿಹಾಕಲಾಗದು. ಆದರೆ ‘ಶತ್ರು’ ಎಂದಷ್ಟೇ ಕೇಳಿದ್ದ ಅಮೆರಿಕದ ಓದುಗರಿಗೆ ಆ ಜನರ ಆರು ಹೆಸರು, ಆರು ಮುಖ ಕಂಡದ್ದು ಈ ಶಾಂತ ದನಿಯಿಂದಲೇ ಎಂಬುದು ನನ್ನ ಖಚಿತ ಅಭಿಪ್ರಾಯ.

ಇಂಥ ಬರಹ ಲೇಖಕನೊಬ್ಬನ ಕೈಯಲ್ಲಿ ಮುಗಿಯುವುದಿಲ್ಲ. ಶಾನ್ ಮತ್ತು ರಾಸ್ ಹರ್ಸಿಯ ಜೊತೆ ಗುಟ್ಟಾಗಿ ಕೂತು ಸಾಲು ಸಾಲನ್ನೂ ತಿದ್ದಿದರು. ಕಚೇರಿಯ ಉಳಿದವರು ಅಷ್ಟೂ ದಿನ ಎಂದಿನ ಸಂಚಿಕೆಯೇ ತಯಾರಾಗುತ್ತಿದೆ ಎಂದು ನಂಬಿದ್ದರು. ರಾಸ್ ಕೇಳಿದ ಪ್ರಶ್ನೆಗಳು ನೂರನ್ನು ದಾಟಿದ್ದವು. ಈ ಜನ ನಿಖರವಾಗಿ ಯಾವುದರಿಂದ ಸತ್ತರು: ಸುಟ್ಟೋ, ಏನಾದರೂ ಮೇಲೆ ಬಿದ್ದೋ, ಬೇರೆ ಕಾರಣದಿಂದಲೋ? ಓದುತ್ತ ಹೋದಂತೆ ಹೊತ್ತು ಎಷ್ಟಾಯಿತೆಂಬುದು ತಪ್ಪಿಹೋಗುತ್ತದೆ, ಆಗಾಗ ಗಂಟೆ ಹೇಳಬಾರದೇ? ಪತ್ರಿಕೆಯಲ್ಲಿ ಫ್ಯಾಕ್ಟ್ ಚೆಕಿಂಗ್, ಎಂದರೆ ಅಚ್ಚಿಗೆ ಮುನ್ನ ಪ್ರತಿ ವಿವರವನ್ನೂ ತಾಳೆ ನೋಡುವ ಪದ್ಧತಿಯೂ ಹಳೆಯದು. 1927ರಲ್ಲಿ ಕವಯತ್ರಿ ಎಡ್ನಾ ಸೇಂಟ್ ವಿನ್ಸೆಂಟ್ ಮಿಲೇ ಬಗ್ಗೆ ಬಂದ ಲೇಖನದಲ್ಲಿ ತಪ್ಪುಗಳು ನುಸುಳಿ ಆಕೆಯ ತಾಯಿ ದೂರಿದ ಮೇಲೆ ಅದು ಬಿಗಿಯಾಯಿತು.

ಪ್ರಕಟಣೆಗೆ ಮುನ್ನ ಕರಡನ್ನು ಸರ್ಕಾರಕ್ಕೂ ತೋರಿಸಬೇಕಾಯಿತು. ಅಣುಬಾಂಬು ಯೋಜನೆಯ ಮುಖ್ಯಸ್ಥರಾಗಿದ್ದ ಜನರಲ್ ಲೆಸ್ಲಿ ಗ್ರೋವ್ಸ್ ಸಣ್ಣಪುಟ್ಟ ಬದಲಾವಣೆ ಕೇಳಿ ಒಪ್ಪಿಗೆ ಕೊಟ್ಟರು. ಯುದ್ಧ ವರದಿಯನ್ನು ಓದುವಾಗ ಸೇನೆ ಎಲ್ಲಿಗೆ ಬಿಟ್ಟಿತು, ಏನನ್ನು ತೆಗೆಸಿತು ಎಂದು ಕೇಳಿಕೊಳ್ಳುವುದು ಅಗತ್ಯ. ಹಿರೋಷಿಮಾದ ಜನರೇ ಈ ಬರಹವನ್ನು ಜಪಾನಿ ಭಾಷೆಯಲ್ಲಿ ಪುಸ್ತಕವಾಗಿ ಓದಲು 1949ರವರೆಗೆ ಕಾಯಬೇಕಾಯಿತು.

ಇನ್ನು ಈ ಪ್ರಕಾರ ಎಲ್ಲಿ ಕೆಡುತ್ತದೆ? ಹೆಚ್ಚಾಗಿ ಕತೆಯ ಕಡೆಗೆ ಜಾರುವಾಗ. ಹರ್ಸಿ 1944ರ ಜುಲೈನಲ್ಲಿ ‘ಲೈಫ್’ ಪತ್ರಿಕೆಗೆ ‘ಜೋ ಈಸ್ ಹೋಮ್ ನೌ’ ಎಂಬ ಬರಹ ಕೊಟ್ಟಿದ್ದರು. ಯುದ್ಧದಿಂದ ಮರಳಿದ ಗಾಯಾಳು ಸೈನಿಕ ಜೋ ಎಂಬಾತನ ಕತೆ. ಅಂಥ ಜೋ ಯಾರೂ ಇರಲಿಲ್ಲ. 43 ಸೈನಿಕರ ಮಾತುಗಳನ್ನು ಕಲಸಿ ಒಬ್ಬನನ್ನು ಮಾಡಲಾಗಿತ್ತು. ಇದನ್ನು ‘ಕಾಂಪೊಸಿಟ್’ ಪಾತ್ರ ಎನ್ನುತ್ತಾರೆ. ಒಂದೊಂದು ಮಾತೂ ಯಾರೋ ಆಡಿದ್ದೇ ಆದರೂ ಒಟ್ಟು ಮನುಷ್ಯ ಸುಳ್ಳು: ಒಬ್ಬನ ಗಾಯ, ಇನ್ನೊಬ್ಬನ ಹೆಂಡತಿ, ಮತ್ತೊಬ್ಬನ ಕೆಲಸ ಸೇರಿದಾಗ ಕಾರಣ ಮತ್ತು ಪರಿಣಾಮದ ಕೊಂಡಿ ಕಳಚುತ್ತದೆ, ತಾಳೆ ನೋಡಲು ಯಾರೂ ಸಿಗುವುದಿಲ್ಲ. 1980ರಲ್ಲಿ ಬರೆದ ಪ್ರಬಂಧವೊಂದರಲ್ಲಿ ಹರ್ಸಿ ವರದಿಗಾರ ಏನನ್ನೂ ಕಲ್ಪಿಸಕೂಡದು ಎಂಬ ಗಡುಸು ನಿಯಮವನ್ನಿಟ್ಟು ಅಮೆರಿಕದ ಲೇಖಕರಾದ ಟ್ರೂಮನ್ ಕಪೋಟಿ, ಟಾಮ್ ವೂಲ್ಫ್, ನಾರ್ಮನ್ ಮೇಲರ್ ಅವರನ್ನು ಅದೇ ಅಳತೆಗೋಲಿನಲ್ಲಿ ತೂಗಿದರು.

ಎರಡನೆಯ ಅಪಾಯ ಮನಸ್ಸಿನ ಒಳಗನ್ನು ಬರೆಯುವುದು. ‘ಆಕೆ ಹೀಗೆಂದುಕೊಂಡಳು’ ಎಂದು ಬರೆಯಲು ಆಕೆಯೇ ಹಾಗೆ ಹೇಳಿರಬೇಕು, ಹೇಳಿದ್ದು ಟಿಪ್ಪಣಿಯಲ್ಲಿರಬೇಕು. ಮೂರನೆಯದು ನೆನಪಿನ ಮೋಸ. ತಿಂಗಳುಗಳು ಕಳೆದ ಮೇಲೆ ಜನ ಆಮೇಲೆ ತಿಳಿದದ್ದನ್ನು ಅಂದೇ ತಿಳಿದಿತ್ತು ಎಂಬಂತೆ ಹೇಳುತ್ತಾರೆ. ಅದಕ್ಕೆ ‘ಆಗ ನಿಮಗೆ ಏನು ಕಾಣಿಸುತ್ತಿತ್ತು, ಕೈಯಲ್ಲಿ ಏನಿತ್ತು’ ಎಂಬಂಥ ಪ್ರಶ್ನೆಗಳು ‘ಏನನ್ನಿಸಿತು’ ಎಂಬುದಕ್ಕಿಂತ ಮೇಲು.

ಕಲ್ಪನೆಗೆ ಅದೇ ಪತ್ರಿಕೆಯಲ್ಲಿ ಬೇರೆ ಪುಟಗಳಿದ್ದವು, ಅವುಗಳನ್ನೂ ಯುದ್ಧ ಬಿಡಲಿಲ್ಲ. ಜೆ.ಡಿ. ಸ್ಯಾಲಿಂಜರ್ ಅವರ ‘ಸ್ಲೈಟ್ ರೆಬೆಲಿಯನ್ ಆಫ್ ಮ್ಯಾಡಿಸನ್’ ಎಂಬ ಕತೆಯನ್ನು ನ್ಯೂಯಾರ್ಕರ್ 1941ರಲ್ಲಿ ಒಪ್ಪಿಕೊಂಡಿತ್ತು. ಶ್ರೀಮಂತ ಹುಡುಗನೊಬ್ಬನ ತಳಮಳದ ಕತೆ. ಡಿಸೆಂಬರಿನಲ್ಲಿ ಅಮೆರಿಕದ ಪರ್ಲ್ ಹಾರ್ಬರ್ ನೌಕಾನೆಲೆಯ ಮೇಲೆ ಜಪಾನಿನ ದಾಳಿಯಾಗಿ ಅಮೆರಿಕ ಯುದ್ಧಕ್ಕಿಳಿಯಿತು. ಕತೆ ಐದು ವರ್ಷ ಮೂಲೆಯಲ್ಲಿದ್ದು 1946ರ ಡಿಸೆಂಬರ್ 21ರಂದು ಅಚ್ಚಾಯಿತು. ಇದಕ್ಕೆ ವಿರುದ್ಧವಾದದ್ದು ‘ಅಸ್ಟೌಂಡಿಂಗ್’ ಎಂಬ ವೈಜ್ಞಾನಿಕ ಕತೆಗಳ ಪತ್ರಿಕೆಯ ಪ್ರಸಂಗ. 1944ರ ಮಾರ್ಚ್ ಸಂಚಿಕೆಯ, ಕ್ಲೀವ್ ಕಾರ್ಟ್‌ಮಿಲ್ ಬರೆದ ‘ಡೆಡ್‌ಲೈನ್’ ಕತೆಯಲ್ಲಿ ಯುರೇನಿಯಂ ಬಾಂಬಿನ ವಿವರವಿದ್ದುದರಿಂದ ಗುಪ್ತಚರ ಅಧಿಕಾರಿಗಳು ಲೇಖಕನನ್ನೂ ಸಂಪಾದಕ ಜಾನ್ ಡಬ್ಲ್ಯೂ. ಕ್ಯಾಂಪ್‌ಬೆಲ್ ಅವರನ್ನೂ ವಿಚಾರಿಸಿದರು. ಸಿಕ್ಕ ಉತ್ತರ, ಎಲ್ಲವೂ ಯುದ್ಧಕ್ಕೆ ಮುಂಚೆ ಬಹಿರಂಗವಾಗಿ ಪ್ರಕಟವಾದ ವಿಜ್ಞಾನ ಲೇಖನಗಳಿಂದಲೇ ತೆಗೆದದ್ದು ಎಂದು.

ವಿಯೆಟ್ನಾಂ ಯುದ್ಧದಲ್ಲಿ ಈ ಪ್ರಕಾರ ಮತ್ತೆ ಜೀವ ಪಡೆಯಿತು. ಜೊನಾಥನ್ ಶೆಲ್ ಅವರ ‘ದಿ ವಿಲೇಜ್ ಆಫ್ ಬೆನ್ ಸುಕ್’ 1967ರ ಜುಲೈ 15ರ ಸಂಚಿಕೆಯಲ್ಲಿ ಬಂತು. ಸೈಗಾನ್ ನದಿಯ ದಂಡೆಯ ಒಂದು ಹಳ್ಳಿಯನ್ನು ಅಮೆರಿಕದ ಸೇನೆ ಆ ವರ್ಷದ ಜನವರಿಯಲ್ಲಿ ಸುತ್ತುವರಿದು, ಜನರನ್ನು ಲಾರಿಗಳಲ್ಲಿ ಸಾಗಿಸಿ, ಮನೆಗಳನ್ನು ಬುಲ್ಡೋಜರಿನಿಂದ ನೆಲಸಮ ಮಾಡಿದ್ದರ ವರದಿ. ಅಧಿಕಾರಿಗಳ ಮಾತುಗಳನ್ನು ಅವರು ಆಡಿದಂತೆಯೇ ಕೊಟ್ಟು, ಅದರ ಪಕ್ಕದಲ್ಲಿ ಹಳ್ಳಿಯಲ್ಲಿ ಕಂಡದ್ದನ್ನು ಇಟ್ಟರು. ಖಂಡನೆಯ ವಾಕ್ಯ ಬೇಕಾಗಲಿಲ್ಲ.

ಹರ್ಸಿ ಹಿರೋಷಿಮಾಕ್ಕೆ ಮತ್ತೆ ಹೋಗಿ ಅದೇ ಆರು ಮಂದಿಯ ಮುಂದಿನ ನಲವತ್ತು ವರ್ಷಗಳನ್ನು ಬರೆದರು. ಅದು 1985ರ ಜುಲೈ 15ರ ಸಂಚಿಕೆಯಲ್ಲಿ ಬಂತು. ಗುಮಾಸ್ತೆ ಸಸಾಕಿ ಕ್ಯಾಥೊಲಿಕ್ ಸನ್ಯಾಸಿನಿಯಾಗಿದ್ದರು, ಕ್ಲೈನ್‌ಸೋರ್ಗ್ ಜಪಾನಿನ ಪೌರತ್ವ ಪಡೆದು ತಕಾಕುರಾ ಎಂಬ ಹೆಸರಿನಿಂದ ಬದುಕಿ ತೀರಿಕೊಂಡಿದ್ದರು. ಶಾಂತಿ ಪ್ರಚಾರಕ್ಕಾಗಿ ಅಮೆರಿಕ ಸುತ್ತುತ್ತಿದ್ದ ತನಿಮೊಟೊ ಅವರ ಭಾಗದಲ್ಲಿ ಹರ್ಸಿ ಹಳೆಯ ವಿಧಾನವನ್ನೇ ಇನ್ನೊಂದು ರೀತಿಯಲ್ಲಿ ಬಳಸಿದ್ದಾರೆ. ಪಾಸ್ಟರನ ಪ್ರವಾಸ, ಭಾಷಣ, ದಣಿವಿನ ವಿವರಗಳ ನಡುನಡುವೆ ಒಂದೊಂದೇ ಒಣ ವಾಕ್ಯ ಬರುತ್ತದೆ: ಸೋವಿಯತ್ ಒಕ್ಕೂಟ, ಬ್ರಿಟನ್, ಫ್ರಾನ್ಸ್, ಚೀನಾ ಯಾವಾಗ ಅಣ್ವಸ್ತ್ರ ದೇಶಗಳಾದವು ಎಂದು. 1974ರ ಮೇ 18ರ ಭಾರತದ ಪರೀಕ್ಷೆಯೂ ಆ ಸಾಲಿನಲ್ಲಿದೆ. ಯಾವ ವಾಕ್ಯದ ಮುಂದೆಯೂ ಟೀಕೆಯಿಲ್ಲ. ಮರುಸಾಲಿನಲ್ಲಿ ಕತೆ ತನಿಮೊಟೊ ಅವರತ್ತ ಮರಳುತ್ತದೆ.