ಬಾಲಗೋಪಾಲನಿಗೆ ಮುಂದಿನ ವೇಷವಿತ್ತು

‘ಮಾಲ್ಗುಡಿ ಡೇಸ್‌ನ ಸ್ವಾಮಿ ಈಗ ಎಲ್ಲಿದ್ದಾನೆ?’ ಯೂಟ್ಯೂಬ್ ತೆರೆದರೆ ಇಂಥ ತಲೆಬರಹ ಆಗಾಗ ಎದುರಾಗುತ್ತದೆ. ಐವತ್ತರ ಆಸುಪಾಸಿನ ಮನುಷ್ಯನಿಗೆ ಇನ್ನೂ ಏಕವಚನ! ಕಳೆದುಹೋದವರನ್ನು ಹುಡುಕುವ ಧಾಟಿ ಬೇರೆ.

ಆ ಸ್ವಾಮಿಗೂ ನಮ್ಮ ಉತ್ತರ ಕನ್ನಡ ಜಿಲ್ಲೆಗೂ ನಂಟಿದೆ. ಧಾರಾವಾಹಿ ನಿರ್ದೇಶಿಸಿದ ಶಂಕರ್ ನಾಗ್ ಹೊನ್ನಾವರದ ಕಡೆಯವರು. ತೆರೆಯ ಮೇಲೆ ಸ್ವಾಮಿಯ ಅಪ್ಪನಾದ ಗಿರೀಶ ಕಾರ್ನಾಡರು ಬಾಲ್ಯ ಕಳೆದದ್ದು ಶಿರಸಿಯಲ್ಲಿ. ಸ್ವಾಮಿಯ ಪಾತ್ರಕ್ಕೆ ಮಾಸ್ಟರ್ ಮಂಜುನಾಥ್‌ಗೆ ಅತ್ಯುತ್ತಮ ಬಾಲನಟ ರಾಷ್ಟ್ರಪ್ರಶಸ್ತಿ ಬಂತು. 1990ರಲ್ಲಿ ‘ಅಗ್ನಿಪಥ್’ ಚಿತ್ರದಲ್ಲಿ ಅಮಿತಾಭ್ ಬಚ್ಚನ್ನರ ಬಾಲ್ಯದ ಪಾತ್ರವೂ ಸಿಕ್ಕಿತು. ಅದೇ ವರ್ಷ ಸೆಪ್ಟೆಂಬರ್ 30ರಂದು ಶಂಕರ್ ನಾಗ್ ಅಪಘಾತದಲ್ಲಿ ತೀರಿಕೊಂಡರು. ಮಂಜುನಾಥ್ ಹತ್ತೊಂಬತ್ತರ ಹೊತ್ತಿಗೆ ನಟನೆ ಬಿಟ್ಟರು. ಓದು ಮುಂದುವರಿಸಿ, ಆಮೇಲೆ ಬೆಂಗಳೂರು–ಮೈಸೂರು ರಸ್ತೆ ಯೋಜನೆಯ ಸಾರ್ವಜನಿಕ ಸಂಪರ್ಕದ ಕೆಲಸಕ್ಕೆ ಸೇರಿದರು. ಮರ್ಯಾದೆಯ ಬದುಕು. ಜನಕ್ಕೆ ಮಾತ್ರ ಅದು ‘ಮರೆಯಾದದ್ದು’.

ಬಾಲನಟರು ಮರೆಯಾಗುವುದೇಕೆ? ಹದಿಮೂರು–ಹದಿನಾಲ್ಕಕ್ಕೆ ಗಂಟಲು ಒಡೆಯುತ್ತದೆ, ಮೀಸೆ ಚಿಗುರುತ್ತದೆ. ಸಿನಿಮಾದಲ್ಲಿ ಮಗುವಿಗೆ ಪಾತ್ರವಿದೆ, ನಾಯಕನಿಗೆ ಪಾತ್ರವಿದೆ, ನಡುವಿನ ಏಳೆಂಟು ವರ್ಷಕ್ಕೆ ಬಹುತೇಕ ಏನೂ ಇಲ್ಲ. ‘ಬೆಟ್ಟದ ಹೂವು’ ಚಿತ್ರಕ್ಕೆ ರಾಷ್ಟ್ರಪ್ರಶಸ್ತಿ ಪಡೆದ ಪುನೀತ್ ರಾಜ್‌ಕುಮಾರ್ ಕೂಡ ನಾಯಕನಾಗಿ ‘ಅಪ್ಪು’ವಿನಲ್ಲಿ ಬಂದದ್ದು 2002ರಲ್ಲಿ, 27ನೇ ವಯಸ್ಸಿಗೆ. ಅದಕ್ಕೆ ಹಣ ಹಾಕಿದ್ದು ಅವರ ತಾಯಿ. ಮನೆಯದೇ ಬ್ಯಾನರ್ ಇಲ್ಲದ ಹುಡುಗ ಅಷ್ಟು ವರ್ಷ ಯಾರನ್ನು ನಂಬಿ ಕಾಯಬೇಕು?

ಕರಾವಳಿಯಲ್ಲಿ ಹುಡುಗರನ್ನು ರಂಗಕ್ಕೆ ತರುವ ಇನ್ನೊಂದು ದಾರಿ ಮೊದಲಿನಿಂದಲೂ ಇತ್ತು. ಯಕ್ಷಗಾನ ಮೇಳಕ್ಕೆ ಸೇರಿದ ಹುಡುಗ ಮೊದಲು ಆಟದ ಆರಂಭದ ಹಾಸ್ಯಕುಣಿತವಾದ ಕೋಡಂಗಿ ಕುಣಿಯುತ್ತಿದ್ದ. ಆಮೇಲೆ ಪೂರ್ವರಂಗದಲ್ಲಿ, ಅಂದರೆ ಕಥೆಗೆ ಮುಂಚಿನ ಕುಣಿತಗಳಲ್ಲಿ, ಎಳೆಯ ಕೃಷ್ಣ–ಬಲರಾಮರ ವೇಷವಾದ ಬಾಲಗೋಪಾಲ, ಅದರ ಬೆನ್ನಿಗೆ ಪೀಠಿಕೆ ಸ್ತ್ರೀವೇಷ. ಗಂಟಲು ಒಡೆದು ಮೈ ಬಲಿತರೆ ಪುಂಡುವೇಷ, ಅಂದರೆ ಹರೆಯದ ವೀರರ ಪಾತ್ರ: ಅಭಿಮನ್ಯು, ಬಭ್ರುವಾಹನ. ಸಿನಿಮಾದವರು ಬೇಡವೆನ್ನುವ ವಯಸ್ಸೇ ಪುಂಡುವೇಷಕ್ಕೆ ಬೇಕಾದ ವಯಸ್ಸು. ಮುಂದೆ ಪುರುಷವೇಷ, ಕಥೆಯ ಪ್ರಮುಖ ಪಾತ್ರವಾದ ಎರಡನೇ ವೇಷ. ರಾತ್ರಿಯಿಡೀ ಬಣ್ಣದ ಮನೆಯಾದ ಚೌಕಿಯಲ್ಲಿ ಕುಳಿತು ಹಿರಿಯರು ಬಣ್ಣ ಬರೆದುಕೊಳ್ಳುವುದನ್ನು ನೋಡುವುದೇ ಪಾಠ. 1934ರಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಕಟ್ಟಿದ ಇಡಗುಂಜಿ ಮೇಳ ಮಗ ಶಂಭು ಹೆಗಡೆಯವರ ಕೈಗೆ ಬಂದು, ಇಂದಿಗೂ ಅದೇ ಮನೆತನದಲ್ಲಿ ನಡೆದಿದೆ. ಎಲ್ಲರೂ ಮೇಲಿನ ಮೆಟ್ಟಿಲು ಹತ್ತುತ್ತಿರಲಿಲ್ಲ, ನಿಜ. ಸಂಬಳ ಕಡಿಮೆ, ನಿದ್ದೆಗೆಟ್ಟ ಬಾಲ್ಯ, ಶಾಲೆ ಬಿಟ್ಟವರೇ ಹೆಚ್ಚು. ಆದರೂ ‘ನಿನಗೆ ವಯಸ್ಸಾಯಿತು, ಇನ್ನು ಹೊರಡು’ ಎಂದು ಹದಿನಾಲ್ಕರ ಹುಡುಗನಿಗೆ ಹಾಡುತ್ತ ಆಟ ನಡೆಸುವ ಯಾವ ಭಾಗವತನೂ ಹೇಳಬೇಕಾಗಿರಲಿಲ್ಲ.

ಸಿನಿಮಾದ ಮಕ್ಕಳ ಕಡೆ ಕಾನೂನು ಕಣ್ಣು ಹಾಯಿಸಿದ್ದು ತಡವಾಗಿ. 1986ರ ಬಾಲಕಾರ್ಮಿಕ ಕಾಯ್ದೆ ಅಪಾಯದ ಕೆಲಸಗಳನ್ನಷ್ಟೇ ನಿಷೇಧಿಸಿತ್ತು. ನಟನೆ ಆ ಪಟ್ಟಿಯಲ್ಲಿರಲಿಲ್ಲ. 2016ರ ತಿದ್ದುಪಡಿ 14ರೊಳಗಿನವರ ದುಡಿಮೆಯನ್ನೇ ನಿಷೇಧಿಸಿ, ಬಾಲಕಲಾವಿದರಿಗೆ ಷರತ್ತಿನ ವಿನಾಯಿತಿ ಕೊಟ್ಟಿತು. ಮರುವರ್ಷದ ನಿಯಮಗಳ ಪ್ರಕಾರ ದಿನಕ್ಕೆ 5 ಗಂಟೆಗಿಂತ ಹೆಚ್ಚು ಕೆಲಸವಿಲ್ಲ, ಸತತ 27 ದಿನ ಮೀರುವಂತಿಲ್ಲ, ಚಿತ್ರೀಕರಣ ನಡೆಯುವ ಜಿಲ್ಲೆಯ ದಂಡಾಧಿಕಾರಿಯ ಅನುಮತಿ ಬೇಕು. ಗೋಕರ್ಣದ ಕಡಲತೀರದಲ್ಲಿ ಮಗುವೊಂದು ನಟಿಸುವುದಿದ್ದರೆ ಅರ್ಜಿ ಜಿಲ್ಲಾಕೇಂದ್ರವಾದ ಕಾರವಾರಕ್ಕೇ ಹೋಗಬೇಕು. ಗಳಿಕೆಯಲ್ಲಿ ಕನಿಷ್ಠ 20% ಮಗುವಿನ ಹೆಸರಿನಲ್ಲಿ ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಠೇವಣಿಯಾಗಬೇಕು. ಅಮೆರಿಕದ ಕ್ಯಾಲಿಫೋರ್ನಿಯಾ ಇಂಥದ್ದೇ ಕಾನೂನು ಮಾಡಿದ್ದು 1939ರಲ್ಲಿ, ಚಾಪ್ಲಿನ್ ಜೊತೆ ನಟಿಸಿದ್ದ ಜಾಕಿ ಕೂಗನ್ ದೊಡ್ಡವನಾದಾಗ ತನ್ನ ದುಡಿಮೆಯ ಹಣ ಮನೆಯವರ ಕೈಯಲ್ಲೇ ಕರಗಿಹೋಗಿದೆಯೆಂದು ಕೋರ್ಟಿಗೆ ಹೋದ ಮೇಲೆ.

ಈ ನಿಯಮಗಳೂ 14ಕ್ಕೆ ಮುಗಿಯುತ್ತವೆ. ಅಂದರೆ ಅವಕಾಶ ನಿಲ್ಲುವ ವಯಸ್ಸಿಗೇ ರಕ್ಷಣೆಯೂ ನಿಲ್ಲುತ್ತದೆ. ಠೇವಣಿ ಕೈಗೆ ಬರುವುದು 18ಕ್ಕೆ.

ಇತ್ತ ಮೇಳದ ಮೆಟ್ಟಿಲೂ ಸವೆಯುತ್ತಿದೆ. ರಾತ್ರಿಯಿಡೀ ನಡೆಯದೆ ಕೆಲವೇ ಗಂಟೆಗಳಲ್ಲಿ ಮುಗಿಯುವ ಕಾಲಮಿತಿಯ ಆಟ ಬಂದ ಮೇಲೆ ಪೂರ್ವರಂಗಕ್ಕೆ ಹೊತ್ತಿಲ್ಲ. ಎಷ್ಟೋ ಕಡೆ ಗಣಪತಿ ಪೂಜೆ ಮುಗಿದದ್ದೇ ನೇರ ಕಥಾಪ್ರಸಂಗ. ಕೋಡಂಗಿ, ಬಾಲಗೋಪಾಲ ಕುಣಿಯಲು ಕಾದ ಹುಡುಗರಿಗೆ ಅಲ್ಲೂ ಈಗ ಜಾಗ ಸಿಗುವುದು ಅಪರೂಪ.